ಗೆರೆ ಕಂಡಲ್ಲೆಲ್ಲ ಗಾಡಿ ಹೋಗಬೇಕೆ?

ಮಳೆ ಹಿಡಿಯಿತೆಂದರೆ ಮಲೆನಾಡಿನ ಕಚ್ಚಾ ದಾರಿಗಳಲ್ಲಿ ಫೋರ್ ವೀಲ್ ಡ್ರೈವ್ ಗಾಡಿಗಳ ಓಡಾಟ ಜೋರಾಗುತ್ತದೆ. ಹೋಗಬೇಕಾದ ದಾರಿಯನ್ನು ಈಗ ಗೊತ್ತುಮಾಡುವುದು ಮೊಬೈಲ್ ಆ್ಯಪ್. ಆದರೆ ಅದರಲ್ಲಿ ಕಾಣುವ ಗೆರೆ ಎಲ್ಲಿಂದ ಬಂತೆಂದು ಕೇಳದೆ ಹೊರಡುವುದು ಅಪಾಯ. ಇಂಥ ಹಲವು ಆ್ಯಪ್‌ಗಳಿಗೆ ಆಧಾರವಾದ ಓಪನ್‌ಸ್ಟ್ರೀಟ್‌ಮ್ಯಾಪ್, 2004ರಿಂದ ಸ್ವಯಂಸೇವಕರು ಕಟ್ಟುತ್ತ ಬಂದಿರುವ ನಕ್ಷೆ. ಕಾಡುದಾರಿಗಳನ್ನು ಅವರು ಎಷ್ಟೋ ಕಡೆ ಗುರುತಿಸಿರುವುದು ಉಪಗ್ರಹ ಚಿತ್ರ ನೋಡಿ. ಘಟ್ಟದ ಮೇಲೆ ಮೋಡವಿಲ್ಲದ ಚಿತ್ರ ಸಿಗುವುದು ಮಳೆ ಕಳೆದ ಮೇಲೆಯೇ. ಫೆಬ್ರುವರಿಯಲ್ಲಿ ಗಟ್ಟಿ ನೆಲವಾಗಿ ಕಂಡದ್ದು ಜುಲೈನಲ್ಲಿ ಹರಿಯುವ ಹಳ್ಳವಾಗಿರಬಹುದು. ಏರಿಳಿತದ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ. ಅನೇಕ ಆ್ಯಪ್‌ಗಳು ಬಳಸುವ ಎತ್ತರದ ಮಾಹಿತಿ, 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು. ಸುಮಾರು 30 ಮೀಟರಿಗೆ ಒಂದು ಅಂಕಿ. ಜೀಪು ಮಗುಚಲು ಎರಡು ಮೀಟರಿನ ಕೊರಕಲು ಸಾಕು, ಅದು ಈ ಅಂಕಿಗಳ ನಡುವೆ ಕಾಣುವುದೇ ಇಲ್ಲ. ದಟ್ಟ ಕಾಡಿನಲ್ಲಂತೂ ಆ ರೇಡಾರ್‌ಗೆ ಸಿಕ್ಕದ್ದು ಹೆಚ್ಚಾಗಿ ಮರದ ನೆತ್ತಿ, ಬುಡದ ಮಣ್ಣಲ್ಲ.

ಆ್ಯಪ್ ಇಲ್ಲದಿದ್ದರೆ ಜನ ಇನ್ನಷ್ಟು ದಾರಿ ತಪ್ಪುತ್ತಾರೆ ಎನ್ನುವವರ ಮಾತು ನಿಜ. ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಣಿವೆಯಲ್ಲೂ ಜಿಪಿಎಸ್ ನಾವಿರುವ ಜಾಗ ತೋರಿಸುತ್ತದೆ. ಜೀವ ಉಳಿಸುವ ಸೌಲಭ್ಯವದು. ಆದರೆ ಮುಂದೆ ಹೋಗಬಹುದೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ನೆರೆಗೆ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ಅವರಿಗೆ ದಾರಿ ತೋರಿಸಿದ್ದು ಆ್ಯಪ್ ಎಂದು ವರದಿಯಾಯಿತು. ಟಾರು ರಸ್ತೆಯ ಗತಿಯೇ ಹೀಗಾದರೆ ಕಾಡುದಾರಿಯ ಪಾಡೇನು? ಕೊಡಚಾದ್ರಿ ಬೆಟ್ಟಕ್ಕೆ ಸ್ಥಳೀಯ ಜೀಪುಗಳು ಹತ್ತುವುದಿಲ್ಲವೇ ಎಂದೂ ಕೇಳುತ್ತಾರೆ. ಅದೇ ದಾರಿಯಲ್ಲಿ ಓಡಾಡುವ ಆ ಚಾಲಕರಿಗೆ ಈ ವಾರ ಯಾವ ತಿರುವು ಕುಸಿದಿದೆ ಎಂಬುದು ಗೊತ್ತು.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಹಂಚಿಕೊಂಡ ಟ್ರ್ಯಾಕ್‌ಗಳು. ಒಬ್ಬ ಹುಲ್ಲುಗಾವಲಿಗೆ ಗಾಡಿ ಇಳಿಸಿ ಆ ಜಾಡನ್ನು ಆ್ಯಪ್‌ಗೆ ಹಾಕಿದರೆ ಹತ್ತಾರು ಗಾಡಿಗಳು ಅದೇ ಜಾಡು ಹಿಡಿಯುತ್ತವೆ. ಚಕ್ರ ಕೊರೆದ ಗುಂಡಿಯಲ್ಲಿ ಮಳೆನೀರು ನುಗ್ಗಿ, ಮೇಲ್ಮಣ್ಣು ಕೆಳಗಿನ ತೊರೆ ಸೇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದೊಳಕ್ಕೆ ಹೋಗಲು ಅನುಮತಿ ಬೇಕು, ಆದರೆ ಟ್ರ್ಯಾಕ್ ಫೈಲ್‌ನಲ್ಲಿ ಅದರ ಸುಳಿವಿರುವುದಿಲ್ಲ. ಹಾಗಾಗಿ ಯಾವ ತಿಂಗಳಲ್ಲಿ ಹೋದದ್ದು, ಯಾರ ಅನುಮತಿ ಪಡೆದದ್ದು ಎಂದು ಬರೆಯದ ಟ್ರ್ಯಾಕನ್ನು ಆ್ಯಪ್‌ಗಳು ಸ್ವೀಕರಿಸಬಾರದು. ಅರಣ್ಯ ಇಲಾಖೆಯೂ ಮುಚ್ಚಿದ ದಾರಿಗಳ ಪಟ್ಟಿಯನ್ನು ನಕ್ಷೆ ಮಾಡುವವರಿಗೆ ಸಿಗುವಂತೆ ಪ್ರತಿ ಮಳೆಗಾಲಕ್ಕೆ ಮುಂಚೆ ಪ್ರಕಟಿಸಬೇಕು.