ತಪ್ಪು ಮೇಜಿನ ಟಿಪ್ಪಣಿ

ಕಚೇರಿಯಲ್ಲಿ ತಪ್ಪು ಮೇಜಿನಿಂದ ಬಂದ ಟಿಪ್ಪಣಿ ಎಂತಹ ಅನಾಹುತ ಮಾಡೀತೆಂದು ಗುಮಾಸ್ತನಾದ ನಾನು ಬಲ್ಲೆ. ಎಂಜಿನ್ನಿನಲ್ಲೂ ಅದೇ ಕಥೆಯೆಂದು ಮೊನ್ನೆ ತಿಳಿಯಿತು.

ಇಲ್ಲಿ ಪುಣೆಯಲ್ಲಿ ನನ್ನ ಅಕ್ಕನ ಮಗ ತನ್ನ ಹಳೆಯ ಯಮಹಾ ಎಕ್ಸ್‌ಜೆ 650 ಮೋಟಾರುಸೈಕಲ್ಲಿಗೆ ಬೇರೆ ಕಾರ್ಬ್ಯುರೇಟರುಗಳನ್ನು ಹಾಕಿಸಿದ. ಅಂದಿನಿಂದ ಸಿಗ್ನಲ್ ಬಿಟ್ಟೊಡನೆ ಗಾಡಿ ಮುಗ್ಗರಿಸಿ ನಿಲ್ಲತೊಡಗಿತು. ಸ್ವಾರಗೇಟಿನಲ್ಲಿ ಹಿಂದಿನ ಬಸ್ಸು ಗೇಣು ದೂರದಲ್ಲಿ ನಿಂತಿತೆಂದು ಕೇಳಿ ಅಕ್ಕ ಊಟ ಬಿಟ್ಟಳು.

ಮೂಲ ಏರ್ಪಾಡು ಹೀಗೆ: ಥ್ರಾಟಲ್ ತುಸುವೇ ತೆರೆದಿರುವಾಗ ಸಿಲಿಂಡರಿನ ಮಿಶ್ರಣ ವಿರಳ, ನಿಧಾನವಾಗಿ ಉರಿಯುತ್ತದೆ, ಆದಕಾರಣ ಕಿಡಿ ಮೊದಲೇ ಹಾರಬೇಕು. ಥ್ರಾಟಲ್ ತಟ್ಟೆಯ ಅಂಚಿನ ರಂಧ್ರದಿಂದ ರಬ್ಬರು ನಳಿಗೆಯೊಂದು ನಿರ್ವಾತದ ಎಳೆತವನ್ನೊಯ್ದು ಇದನ್ನು ಮಾಡಿಸುತ್ತದೆ. ಐಡಲಿನಲ್ಲಿ ಅಲ್ಲಿ ಎಳೆತವಿಲ್ಲ. ಹೊಸದರಲ್ಲಿ ಆ ರಂಧ್ರವೇ ಇಲ್ಲ. ಮೆಕ್ಯಾನಿಕ್ ನಳಿಗೆಯನ್ನು ಎಂಜಿನ್ ಪಕ್ಕದ ಕೊಳವೆಯ ನಿಪ್ಪಲ್ಲಿಗೆ ಸಿಕ್ಕಿಸಿದ್ದ. ಅಲ್ಲಿ ಐಡಲಿನಲ್ಲೇ ಎಳೆತ ಹೆಚ್ಚು. ಥ್ರಾಟಲ್ ತೆರೆದೊಡನೆ ಅದು ಕುಸಿದು, ಕಿಡಿ ತಡವಾಗಿ, ಎಂಜಿನ್ ಆರುತ್ತಿತ್ತು.

ನಳಿಗೆ ಬಿಡಿಸಿ, ನಿಪ್ಪಲ್ಲಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಐಡಲನ್ನು ಹೊಸದಾಗಿ ಹೊಂದಿಸಿದೆವು. ಪೆಟ್ರೋಲು ತುಸು ಹೆಚ್ಚು ಬೇಕು. ಗಾಡಿ ಮಾತ್ರ ನಡುಬೀದಿಯಲ್ಲಿ ನಿಲ್ಲದು. ಅಕ್ಕ ಈಗ ನೆಮ್ಮದಿಯಾಗಿ ಉಣ್ಣುತ್ತಾಳೆ.

ವಾಚಕರೇ, ಹೊಸ ಭಾಗ ಕೊಳ್ಳುವ ಮುನ್ನ, ಹಳೆಯ ನಳಿಗೆ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತೆಂದು ಒಮ್ಮೆ ನೋಡಿಕೊಳ್ಳಿ.