ಹಿತ್ತಲ ಗಿಡ ಮದ್ದಾಗೋದು ಯಾವಾಗ?

ನಂಜನಗೂಡಿನ ನಮ್ಮ ಮೆಡಿಕಲ್ ಶಾಪಿಗೆ ಈಗ ಎರಡು ಥರದ ಚೀಟಿ ಬರುತ್ತವೆ. ಒಂದು ಡಾಕ್ಟರ್ ಬರೆದುಕೊಟ್ಟದ್ದು. ಇನ್ನೊಂದು ಮೊಬೈಲಿನಲ್ಲಿ ತೋರಿಸುವ ಸ್ಕ್ರೀನ್‌ಶಾಟ್. ಎರಡನೆಯದನ್ನು ತೋರಿಸುವವರು ಹೆಚ್ಚಾಗಿ ಓದಿದವರೇ, ನಿಮ್ಮ ವಯಸ್ಸಿನವರೇ. ಅದರಲ್ಲೂ ನಮ್ಮದು ಔಷಧದ ಊರು. ಟಿಪ್ಪುವಿನ ಪಟ್ಟದಾನೆಗೆ ಕಣ್ಣು ಕೊಟ್ಟ ಅಂತ ದೇವರಿಗೇ ‘ಹಕೀಮ್ ನಂಜುಂಡ’ ಅನ್ನೋ ಹೆಸರು. ಹಲ್ಲುಪುಡಿ ಊರಿನ ಹೆಸರನ್ನೇ ಹೊತ್ತು ಮನೆಮನೆಗೂ ಹೋಯಿತು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಮಾತ್ರೆಗಳ ಮೂಲ ಔಷಧವೇ ತಯಾರಾಗುತ್ತದೆ. ಹಾಗಾಗಿ ಔಷಧದ ಬಗ್ಗೆ ಇಲ್ಲಿ ಎಲ್ಲರಿಗೂ ಒಂದು ಅಭಿಪ್ರಾಯ ಇದ್ದೇ ಇರುತ್ತೆ.

ಈ ಸಲ ಸ್ಕ್ರೀನ್‌ಶಾಟ್ ಬಂದದ್ದು ಮನೆಯಿಂದಲೇ. ನಮ್ಮೂರಿನ ಕಪಿಲೆ ಹೋಗಿ ಕಾವೇರಿಯನ್ನು ಸೇರುವ ಟಿ. ನರಸೀಪುರದಲ್ಲಿ ನನ್ನ ಚಿಕ್ಕಮ್ಮನ ಮಗಳಿದ್ದಾಳೆ. ವಯಸ್ಸು ಮೂವತ್ತೊಂದು, ಶಾಲೆಯಲ್ಲಿ ಟೀಚರ್. ನಾಲ್ಕು ವರ್ಷದ ಹಿಂದೆ ಒಂದು ಕಣ್ಣು ಮಂಜಾಯಿತು, ಆಮೇಲೆ ಕಾಲು ಜೋಮು ಹಿಡಿಯಿತು. ಸ್ಕ್ಯಾನ್ ಎಲ್ಲ ಆದ ಮೇಲೆ ಗೊತ್ತಾದದ್ದು ಮಲ್ಟಿಪಲ್ ಸ್ಕ್ಲೀರೋಸಿಸ್, ಎಂಎಸ್. ಆರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ರಿಟುಕ್ಸಿಮ್ಯಾಬ್ ಡ್ರಿಪ್ ಹಾಕಿಸಿಕೊಳ್ಳುತ್ತಾಳೆ. ಅವಳ ಮೆಸೇಜ್ ಹೀಗಿತ್ತು: “ಅಕ್ಕಾ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್, ಜೊತೆಗೆ ಒಂದು ಅಲರ್ಜಿ ಮಾತ್ರೆ, ಎರಡೂ ತಗೊಂಡ್ರೆ ನರ ಮತ್ತೆ ಸರಿಹೋಗುತ್ತಂತೆ. ಅಷ್ಟು ದುಡ್ಡು ಕೊಟ್ಟು ಈ ಸಲ ಡ್ರಿಪ್ ಯಾಕೆ? ನಿನ್ ಅಂಗಡೀಲೇ ಇದೆಯಲ್ಲಾ, ಕಳಿಸ್ಬಿಡು.”

ಇದು ಸುಳ್ಳು ಸುದ್ದಿ ಅಂತ ತಳ್ಳಿಹಾಕೋ ಹಾಗಿರಲಿಲ್ಲ. ಅದರಲ್ಲಿ ಅರ್ಧ ನಿಜ ಇತ್ತು. ಕಷ್ಟ ಇರೋದೇ ಅಲ್ಲಿ.

ನರ ಅಂದರೆ ಕರೆಂಟ್ ವೈರ್ ಅಂದುಕೊಳ್ಳಿ. ಮೇಲಿನ ಪ್ಲಾಸ್ಟಿಕ್ ಕವಚದ ಹಾಗೆ ನರಕ್ಕೂ ಮಯಲಿನ್ ಅನ್ನೋ ಹೊದಿಕೆ ಇದೆ. ಎಂಎಸ್‌ನಲ್ಲಿ ನಮ್ಮ ರೋಗನಿರೋಧಕ ಶಕ್ತಿಯೇ ಮಿದುಳು ಮತ್ತು ಬೆನ್ನುಹುರಿಯಲ್ಲಿ ಈ ಹೊದಿಕೆಯನ್ನು ಕಿತ್ತುಹಾಕುತ್ತದೆ. ಸಾಮಾನ್ಯವಾಗಿ ಶುರುವಾಗುವುದು 20ರಿಂದ 40ರ ವಯಸ್ಸಿನಲ್ಲಿ, ಹೆಂಗಸರಲ್ಲಿ ಹೆಚ್ಚು. ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಡಾ. ಲೇಖಾ ಪಂಡಿತ್ ಅವರ ತಂಡ ಮಂಗಳೂರು ನಗರದಲ್ಲಿ ಮಾಡಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ಜನರಲ್ಲಿ ಎಂಎಸ್ ಕಂಡಿತ್ತು.

ಇನ್ನು ಒಂದು ಕಾಯಿಲೆಯ ಔಷಧವನ್ನು ಇನ್ನೊಂದಕ್ಕೆ ಬಳಸೋದು. ಇದೇನೂ ವಿಚಿತ್ರವಲ್ಲ. ಕೋವಿಡ್ ಸಮಯದ ರೆಮ್ಡೆಸಿವಿರ್ ನೆನಪಿದೆಯಲ್ಲ? ಎಬೋಲಾಕ್ಕೆ ಪರೀಕ್ಷಿಸಿದ್ದ ಔಷಧ ಅದು. 2020ರಲ್ಲಿ ಅದರ ಮೂಲ ಔಷಧ ನಮ್ಮೂರಿನ ಜುಬಿಲಂಟ್ ಕಾರ್ಖಾನೆಯಲ್ಲೂ ತಯಾರಾಯಿತು. ಹಳೇ ಔಷಧದ ಅಡ್ಡಪರಿಣಾಮ ಮೊದಲೇ ಗೊತ್ತಿರುತ್ತೆ, ಬೆಲೆಯೂ ಹೆಚ್ಚಾಗಿ ಕಮ್ಮಿ. ಆದರೆ ಪೇಟೆಂಟ್ ಮುಗಿದ ಮಾತ್ರೆಗೆ ದೊಡ್ಡ ಪರೀಕ್ಷೆ ಮಾಡಿದರೆ ಕಂಪನಿಗೆ ಲಾಭವಿಲ್ಲ. ಹಾಗಾಗಿ ಅಂಥ ಖರ್ಚನ್ನು ಹೆಚ್ಚಾಗಿ ಸರ್ಕಾರ, ಚಾರಿಟಿ ಸಂಸ್ಥೆಗಳೇ ಹೊರಬೇಕು. ಕೆಲಸ ನಿಧಾನ.

ನನ್ನ ತಂಗಿಗೆ ನಾನು ಮೊದಲು ಹೇಳಿದ್ದು ಇದನ್ನೇ: “ನೀನು ಬಿಡ್ತೀನಿ ಅಂತಿರೋ ಡ್ರಿಪ್ಪೇ ಅಂಥ ಔಷಧ ಕಣೇ.” ರಿಟುಕ್ಸಿಮ್ಯಾಬ್ 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು ಲಿಂಫೋಮಾ ಅನ್ನೋ ಕ್ಯಾನ್ಸರಿಗೆ. ಸ್ವೀಡನ್ನಿನ ಡಾಕ್ಟರುಗಳು ಅದನ್ನು ಎಂಎಸ್‌ಗೆ ಬಳಸಿ, ಸುಮಾರು 200 ಜನರ ಮೇಲೆ ಎರಡು ವರ್ಷ ಹೋಲಿಸಿ ನೋಡಿದರು. 2022ರಲ್ಲಿ ಬಂದ ಫಲಿತಾಂಶ: ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಶೇ 3 ಜನರಿಗೆ ಮಾತ್ರ ಕಾಯಿಲೆ ಮರುಕಳಿಸಿತು. ಡೈಮೀಥೈಲ್ ಫ್ಯುಮರೇಟ್ ಮಾತ್ರೆ ಪಡೆದವರಲ್ಲಿ ಶೇ 16. ಆ ಡೈಮೀಥೈಲ್ ಫ್ಯುಮರೇಟ್ ಕೂಡ ಜರ್ಮನಿಯಲ್ಲಿ ಮೊದಲು ಸೋರಿಯಾಸಿಸ್ಸಿಗೆ ಕೊಡುತ್ತಿದ್ದ ಔಷಧವೇ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಯಲ್ಲಿ ಎಂಎಸ್‌ಗೆ ಅಂತ ಮೂರು ಔಷಧ ಸೇರಿಸಿತು. ಅದರಲ್ಲಿ ಎರಡು, ರಿಟುಕ್ಸಿಮ್ಯಾಬ್ ಮತ್ತು ಕ್ಲಾಡ್ರಿಬಿನ್, ಕ್ಯಾನ್ಸರ್ ವಾರ್ಡಿನಿಂದ ಬಂದವು. ಹೈದರಾಬಾದಿನ ಕಂಪನಿ 2007ರಲ್ಲೇ ರಿಟುಕ್ಸಿಮ್ಯಾಬ್‌ನ ನಮ್ಮ ದೇಶದ ರೂಪ ತಂದದ್ದರಿಂದ ಇಲ್ಲಿ ಅದು ಒಂದಷ್ಟಾದರೂ ಕೈಗೆಟುಕುತ್ತದೆ.

ಸೋತವೂ ಇವೆ. ಕೊಲೆಸ್ಟ್ರಾಲಿನ ಸಿಮ್ವಾಸ್ಟಾಟಿನ್ ಮಾತ್ರೆ 2014ರಲ್ಲಿ 140 ಜನರ ಪರೀಕ್ಷೆಯಲ್ಲಿ ಮಿದುಳು ಕುಗ್ಗುವುದನ್ನು ಗಮನಾರ್ಹವಾಗಿ ತಗ್ಗಿಸಿತ್ತು. ಎಲ್ಲರಿಗೂ ಖುಷಿ. ಬ್ರಿಟನ್ನಿನಲ್ಲಿ 964 ಜನರಿಗೆ ಕೊಟ್ಟು ನೋಡಿದಾಗ, 2024ರಲ್ಲಿ ಗೊತ್ತಾಯಿತು: ಅಂಗವೈಕಲ್ಯ ಹೆಚ್ಚುವುದನ್ನು ಅದು ತಡೆಯಲಿಲ್ಲ. ಅದಕ್ಕೂ ಮುಂಚೆ, 2020ರಲ್ಲಿ, ಅಮಿಲೊರೈಡ್, ಫ್ಲುಯಾಕ್ಸೆಟಿನ್, ರಿಲುಜೋಲ್ ಅಂತ ಮೂರು ಹಳೇ ಔಷಧ 445 ಜನರ ಪರೀಕ್ಷೆಯಲ್ಲಿ ಸೋತಿದ್ದವು.

ಹಾಗಾದರೆ ಅವಳು ಕೇಳಿದ ಜೋಡಿ? ಕ್ಲೆಮಾಸ್ಟಿನ್ ಅನ್ನೋ ಅಲರ್ಜಿ ಮಾತ್ರೆ, ಜೊತೆಗೆ ಮೆಟ್‌ಫಾರ್ಮಿನ್. ಕೇಂಬ್ರಿಜ್‌ನವರು 70 ಜನರಿಗೆ ಆರು ತಿಂಗಳು ಕೊಟ್ಟು 2025ರಲ್ಲಿ ಫಲಿತಾಂಶ ಹೇಳಿದರು. ಡಮ್ಮಿ ಮಾತ್ರೆ ತಗೊಂಡವರಿಗೆ ಹೋಲಿಸಿದರೆ ಕಣ್ಣಿನಿಂದ ಮಿದುಳಿಗೆ ಸಿಗ್ನಲ್ ಹೋಗುವ ವೇಗದಲ್ಲಿ ಸಣ್ಣದೊಂದು ಲಾಭ ಕಂಡಿದೆ. ಹೊದಿಕೆ ರಿಪೇರಿ ಆಗಬಹುದು ಅನ್ನೋದಕ್ಕೆ ಅದೊಂದು ಸುಳಿವು. ಆದರೆ ಆ ಆರು ತಿಂಗಳಲ್ಲಿ ಯಾರ ದೃಷ್ಟಿಯೂ ನಡಿಗೆಯೂ ಉತ್ತಮವಾಗಲಿಲ್ಲ. ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಕ್ಲೆಮಾಸ್ಟಿನ್ ತಗೊಂಡ 9 ಜನರಲ್ಲಿ 3 ಜನರ ಸ್ಥಿತಿ ಬೇಗ ಹದಗೆಟ್ಟು ಅದನ್ನು ನಿಲ್ಲಿಸಬೇಕಾಯಿತು. ಸ್ಕ್ರೀನ್‌ಶಾಟಿನಲ್ಲಿ ಮೊದಲಿನದಿತ್ತು, ಕೊನೆಯ ಎರಡು ಸಾಲು ಇರಲಿಲ್ಲ.

ಅಂಗಡಿಯವಳಾಗಿ ಇನ್ನೊಂದು ಮಾತು. ಮೆಟ್‌ಫಾರ್ಮಿನ್ ಬಹಳ ಕಾಲ ತಗೊಂಡರೆ ಬಿ12 ಕಡಿಮೆಯಾಗಬಹುದು. ಬಿ12 ಕಡಿಮೆಯಾದರೂ ಕೈಕಾಲು ಜೋಮು ಹಿಡಿಯುತ್ತೆ. ಆಗ ಜೋಮು ಎಂಎಸ್‌ದೋ ಮಾತ್ರೆದೋ ಅಂತ ಪತ್ತೆ ಹಚ್ಚುವವರು ಯಾರು? ಕ್ಲೆಮಾಸ್ಟಿನ್ ನಿದ್ದೆ ಬರಿಸುತ್ತೆ. ಎಂಎಸ್ ಇರುವವರಿಗೆ ಸುಸ್ತು ಮೊದಲೇ ದೊಡ್ಡ ಕಷ್ಟ. ಇನ್ನು ಎಂಎಸ್ ಹಾಗೇ ಕಾಣುವ ಎನ್‌ಎಂಒ ಅಂತ ಬೇರೆ ಕಾಯಿಲೆ ಇದೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಅದನ್ನು ಇನ್ನೂ ಕೆಡಿಸಬಹುದು. ಒಬ್ಬರ ಚೀಟಿ ಇನ್ನೊಬ್ಬರಿಗೆ ಆಗೋದಿಲ್ಲ.

ತಂಗಿಗೆ ಮೊದಲು ಸಿಟ್ಟು ಬಂತು. “ನಿಂಗೇನಕ್ಕ, ಹೇಳೋದು ಸುಲಭ” ಅಂದಳು. ಆಮೇಲೆ ಸ್ಕ್ರೀನ್‌ಶಾಟನ್ನೇ ನ್ಯೂರಾಲಜಿಸ್ಟ್‌ಗೆ ತೋರಿಸಿದಳು. ಅವರು ನಗಲಿಲ್ಲ, ಬೈಯಲಿಲ್ಲ; ಅದನ್ನು ಓದಿ, ಸದ್ಯ ಬೇಡ ಅಂದರು. ಡ್ರಿಪ್ ನಿಗದಿಯಾದ ದಿನವೇ ಆಯಿತು.

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಯಾರಿಗಾದರೂ ಎಂಎಸ್ ಇದ್ದರೆ, ಇಂಥ ಸುದ್ದಿ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಪರೀಕ್ಷೆ ಇಲಿಯ ಮೇಲೋ ಮನುಷ್ಯರ ಮೇಲೋ? ಎಷ್ಟು ಜನ, ಎಷ್ಟು ಕಾಲ? ಸುಧಾರಿಸಿದ್ದು ಯಂತ್ರದ ಅಂಕಿಯೋ, ಮನುಷ್ಯನ ನಡಿಗೆಯೋ? ಈಗಿನ ಔಷಧ ಬಿಟ್ಟು ತಗೊಂಡರಾ, ಅದರ ಜೊತೆಗಾ? ಉತ್ತರ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ. ಖರ್ಚೇ ಕಷ್ಟವಾದರೆ ಅದನ್ನೂ ಬಾಯಿಬಿಟ್ಟು ಹೇಳಿ, ನಾಚಿಕೆ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಎಂಎಸ್ ಕೂಡ ಇದೆ. ವೈಕಲ್ಯ ಇದ್ದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಮದ್ದಾಗಬಹುದು, ರಿಟುಕ್ಸಿಮ್ಯಾಬ್ ಆಗಿದೆ. ಮೆಟ್‌ಫಾರ್ಮಿನ್ ಪರೀಕ್ಷೆ ಬ್ರಿಟನ್ನಿನಲ್ಲಿ ಇನ್ನೂ ದೊಡ್ಡ ಮಟ್ಟದಲ್ಲಿ ಮುಂದುವರಿದಿದೆ. ಫಲಿತಾಂಶ ಬರುವ ತನಕ ಯಾರೂ ಅದನ್ನು ನಂಬಿ ಕೈಯಲ್ಲಿರುವ ಔಷಧ ಬಿಡಬೇಡಿ.