ಅಡ್ಡಪರಿಣಾಮ ಹೇಳಿದರೆ ಚಿಕಿತ್ಸೆ ಕೆಡುತ್ತದೆಯೇ?

ರಕ್ತದ ಕ್ಯಾನ್ಸರ್ ಇರುವ ಮಗುವಿನ ತಂದೆತಾಯಿಗೆ ಕಿಮೋದ ಅಡ್ಡಪರಿಣಾಮಗಳನ್ನೆಲ್ಲ ಬಿಡಿಸಿ ಹೇಳಿದರೆ ಅವರು ಹೆದರಿ ಚಿಕಿತ್ಸೆಯನ್ನೇ ಬಿಟ್ಟುಹೋಗುತ್ತಾರೆ ಎಂಬ ವಾದವಿದೆ. ಆತಂಕ ನಿರಾಧಾರವೇನಲ್ಲ, ಚಿಕಿತ್ಸೆಯನ್ನು ಅರ್ಧಕ್ಕೆ ಕೈಬಿಡುವುದು ನಮ್ಮ ದೇಶದಲ್ಲಿ ದೊಡ್ಡ ಸಮಸ್ಯೆಯೇ. ಆದರೆ ಈ ಕಾಯಿಲೆಯ ಚರಿತ್ರೆ ಆ ವಾದದ ಪರ ನಿಲ್ಲುವುದಿಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್ ಮತ್ತು ಸಂಗಡಿಗರು ಹಲವು ಔಷಧಗಳ ಜತೆ ತಲೆಗೆ ವಿಕಿರಣವನ್ನೂ ಕೊಟ್ಟು, ಅಲ್ಲಿಯವರೆಗೆ ಬಹುತೇಕ ಸಾವಿನಲ್ಲೇ ಮುಗಿಯುತ್ತಿದ್ದ ಲಿಂಫೋಬ್ಲಾಸ್ಟಿಕ್ ಲುಕೇಮಿಯಾದಿಂದ ಸುಮಾರು ಅರ್ಧದಷ್ಟು ಮಕ್ಕಳನ್ನು ಉಳಿಸಿಕೊಂಡರು. ಬದುಕಿದವರಲ್ಲಿ ಹಲವರು ಕಲಿಕೆಯಲ್ಲಿ ಹಿಂದೆ ಬಿದ್ದರು, ಎತ್ತರ ಕುಂಠಿತವಾಯಿತು, ಕೆಲವರಿಗೆ ವರ್ಷಗಳ ನಂತರ ಮಿದುಳಿನಲ್ಲಿ ಗಡ್ಡೆ ಬಂತು. ಜೀವ ಉಳಿಯಿತಲ್ಲ, ಸಾಕು ಎಂದು ವೈದ್ಯರು ಸುಮ್ಮನಾಗಲಿಲ್ಲ. ಇದನ್ನೆಲ್ಲ ಬರೆದಿಟ್ಟಿದ್ದರಿಂದಲೇ ವಿಕಿರಣದ ಪ್ರಮಾಣ ಇಳಿಯುತ್ತ ಬಂದು, ಬೆನ್ನುಹುರಿಯ ದ್ರವಕ್ಕೆ ಔಷಧ ಚುಚ್ಚುವ ಕ್ರಮ ಅದರ ಜಾಗ ಹಿಡಿಯಿತು. 2009ರಲ್ಲಿ ಅದೇ ಆಸ್ಪತ್ರೆ, ಮುಂಜಾಗ್ರತೆಯ ವಿಕಿರಣವನ್ನು ಪೂರ್ತಿ ಬಿಟ್ಟು ನಡೆಸಿದ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿತು: ಐದು ವರ್ಷದ ಬದುಕುಳಿಯುವಿಕೆ ಶೇ 93ಕ್ಕೂ ಹೆಚ್ಚು.

ಇನ್ನು, ಮೌನದಿಂದ ಯಾರ ಹೆದರಿಕೆ ಹೋದೀತು? ವಿನ್‌ಕ್ರಿಸ್ಟೀನ್ ಎಂಬ ಕಿಮೋ ಔಷಧದಿಂದ ಮಲ ಕಟ್ಟುತ್ತದೆ, ಪಾದದ ಬಲ ಕುಗ್ಗಿ ಮಗು ಎಡವುತ್ತದೆ. ಸ್ಟೀರಾಯ್ಡ್ ಶುರುವಾದರೆ ಮುಖ ಊದುತ್ತದೆ, ನಡುರಾತ್ರಿ ಊಟಕ್ಕೆ ಹಟ, ವಿನಾಕಾರಣ ಸಿಟ್ಟು. ಮೊದಲೇ ತಿಳಿದಿದ್ದ ಮನೆಯವರು ಇದು ಔಷಧದ ಕೆಲಸವೆಂದು ತಾಳಿಕೊಳ್ಳುತ್ತಾರೆ. ತಿಳಿಯದವರಿಗೆ ಕಾಯಿಲೆಯೇ ಉಲ್ಬಣಿಸಿದಂತೆ ಕಂಡು, ನಾಟಿ ಔಷಧದವರತ್ತ ಮನಸ್ಸು ತಿರುಗಿದರೆ ಆಶ್ಚರ್ಯವಿಲ್ಲ. ಜ್ವರದ ವಿಷಯದಲ್ಲಂತೂ ಅಜ್ಞಾನ ಪ್ರಾಣಕ್ಕೇ ಎರವು. ಕಿಮೋದಿಂದ ರಕ್ತಕಣಗಳ ಎಣಿಕೆ (ಕೌಂಟ್) ಇಳಿದಾಗ ಸೋಂಕು ತಡೆಯುವ ನ್ಯೂಟ್ರೋಫಿಲ್‌ಗಳು ಬಹುತೇಕ ಇರುವುದಿಲ್ಲ. ಆಗ ಜ್ವರ ಬಂದ ಮಗು ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್ ಹೋಗಬೇಕು. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯುವ ಹೊತ್ತು ಅದಲ್ಲ. ಬೀದರಿನ ಮಗುವನ್ನು ರಾತ್ರೋರಾತ್ರಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ತರುವುದೂ ಆಗದ ಮಾತು. ಆ ಮೊದಲ ಡೋಸ್ ಜಿಲ್ಲಾಸ್ಪತ್ರೆಯಲ್ಲೇ ಸಿಗಬೇಕು. ಹೊರರೋಗಿಗಳು ಸಾಲುಗಟ್ಟಿ ನಿಂತಿರುವಾಗ ಇದನ್ನೆಲ್ಲ ವಿವರಿಸಲು ವೈದ್ಯರಿಗೆ ಸಮಯವೆಲ್ಲಿ ಎಂದು ಕೇಳಬಹುದು. ತರಬೇತಾದ ನರ್ಸ್ ಹೇಳಬಹುದು, ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಹೇಳಬಹುದು.

ಇದಕ್ಕಿಂತ ತೂಕದ ಆಕ್ಷೇಪ ಒಂದಿದೆ: ಅಡ್ಡಪರಿಣಾಮ ತಿಳಿದವರು ತಾವಾಗಿಯೇ ಮಾತ್ರೆ ಕಡಿಮೆ ಮಾಡಿಬಿಟ್ಟರೆ? ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕು. ಶೇ 95ಕ್ಕಿಂತ ಕಡಿಮೆ ಡೋಸ್ ತೆಗೆದುಕೊಂಡವರಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಎರಡು ಪಟ್ಟಿಗೂ ಹೆಚ್ಚೆಂದು ಅಮೆರಿಕದ ಅಧ್ಯಯನ ತೋರಿಸಿದೆ. ಆದರೆ ಏಷ್ಯಾದವರಲ್ಲಿ ಹೆಚ್ಚಾಗಿ ಕಾಣುವ ಒಂದು ವಂಶವಾಹಿ ವ್ಯತ್ಯಾಸ ಇದ್ದವರಿಗೆ ಇದೇ ಮಾತ್ರೆಯ ಮಾಮೂಲಿ ಪ್ರಮಾಣವೂ ವಿಪರೀತವಾಗಿ, ಕೌಂಟ್ ಕುಸಿಯುತ್ತದೆ. ಎಷ್ಟು ಇಳಿಸಬೇಕೆಂಬುದು ವೈದ್ಯರ ನಿರ್ಧಾರ. ಅವರು ನಿರ್ಧರಿಸಲು ಮನೆಯವರು ತೊಂದರೆಯನ್ನು ಗುರುತಿಸಿ ಬಂದು ಹೇಳಬೇಕಲ್ಲ. ಕೆಲವು ತೊಂದರೆಗಳು ತಲೆದೋರುವ ಹೊತ್ತಿಗೆ ಹೇಳಲು ಆ ವೈದ್ಯರೂ ಇರುವುದಿಲ್ಲ. ಡಾಕ್ಸೊರುಬಿಸಿನ್ ಎಂಬ ಕಿಮೋ ಔಷಧ ಹೃದಯಕ್ಕೆ ಮಾಡಿದ ಹಾನಿ ದಶಕ ಕಳೆದ ಮೇಲೂ ಹೊರಬೀಳಬಹುದು, ಹಾನಿಯ ಅಪಾಯ ದೇಹಕ್ಕೆ ಹೋದ ಒಟ್ಟು ಪ್ರಮಾಣದೊಂದಿಗೆ ಏರುತ್ತದೆ. ಚಿಕಿತ್ಸೆ ಮುಗಿದ ದಿನ ಆ ಪ್ರಮಾಣವನ್ನು ಬರೆದು ಕೈಗೆ ಕೊಡುವುದು ಪ್ರತಿ ಆಸ್ಪತ್ರೆಗೂ ಕಡ್ಡಾಯವಾಗಬೇಕು. ಐದನೇ ವಯಸ್ಸಿನಲ್ಲಿ ಗುಣವಾದ ಹುಡುಗಿ ಮುಂದೆ ಬಸುರಿಯಾದಾಗ ಹೆರಿಗೆ ವೈದ್ಯರು ಮೊದಲು ಕೇಳಬೇಕಾದ ಕಾಗದ ಅದೇ.